ಓದಿಗೆ ಸಿಗುವ ರೊಕ್ಕ ಯಾರದು?

ಬೀದರ ಜಿಲ್ಲೆಯ ಹಳ್ಳಿಯೊಂದರಿಂದ ಒಬ್ಬ ಹುಡುಗಿ ಸಸ್ಯವಿಜ್ಞಾನದಲ್ಲಿ ಪಿಎಚ್‌.ಡಿ ಮಾಡಲು ಹೊರಟಳು ಅಂದುಕೊಳ್ಳಿ. ತಾನು ಮಾಡುತ್ತಿರುವುದು ಏನು ಎಂದು ಮನೆಯವರಿಗೆ ತಿಳಿಸಿ ಹೇಳುವುದೇ ಅವಳಿಗೆ ಕಷ್ಟ. ಓದು ಅನ್ನೋಣವೆಂದರೆ ತಿಂಗಳಿಗೊಮ್ಮೆ ರೊಕ್ಕ ಬರುತ್ತದೆ. ನೌಕರಿ ಅನ್ನೋಣವೆಂದರೆ ಐದು ವರ್ಷಕ್ಕೆ ನಿಂತುಹೋಗುತ್ತದೆ. ‘ಓದೋದಕ್ಕೂ ರೊಕ್ಕ ಕೊಡ್ತಾರೇನು? ಯಾಕ ಕೊಡ್ತಾರ?’ ಎಂದು ಹುಮನಾಬಾದಿನ ಹಿರಿಯರೊಬ್ಬರು ಕೇಳಿದರೆ ನಾವು ನಕ್ಕು ಸುಮ್ಮನಾಗಬಹುದು. ಆದರೆ ಅದು ನಗುವ ಪ್ರಶ್ನೆಯಲ್ಲ.

ಸಿಎಸ್‌ಐಆರ್ ಅಥವಾ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಸಿಗುತ್ತಿದೆ. ಮನೆಬಾಡಿಗೆ ಭತ್ಯೆ ಬೇರೆ. ಮಳೆಯನ್ನು ನಂಬಿ ತೊಗರಿ, ಉದ್ದು, ಹೆಸರು ಬೆಳೆಯುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಈ ಹಣವನ್ನು ನೋಡುವ ಎರಡು ರೀತಿಗಳು ಚಾಲ್ತಿಯಲ್ಲಿವೆ. ಒಂದು, ಇದು ಪರೀಕ್ಷೆ ಗೆದ್ದವರ ಬಹುಮಾನ; ಗೆದ್ದೆ, ತಗೊಂಡೆ, ಯಾರ ಹಂಗೂ ಇಲ್ಲ. ಇನ್ನೊಂದು, ಇದು ಜನರ ತೆರಿಗೆಯ ಸಾಲ. ಆದ್ದರಿಂದ ಜನರಿಗೆ ಕೂಡಲೇ ಉಪಯೋಗವಾಗುವುದನ್ನೇ ಸಂಶೋಧಿಸಬೇಕು. ಎರಡೂ ನನಗೆ ಸರಿ ಕಾಣುವುದಿಲ್ಲ.

ಮೊದಲು ಉಪಯೋಗದ ಮಾತು. ಹುಮನಾಬಾದಿನ ಮೇಲೆ ಹಾಯುವ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟರೆ, ಹೈದರಾಬಾದ್ ಮುಟ್ಟುವ ಮೊದಲು ಪಟಾಂಚೆರು ಸಿಗುತ್ತದೆ. 1972ರಲ್ಲಿ ಶುರುವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ‘ಇಕ್ರಿಸ್ಯಾಟ್’ ಇರುವುದು ಅಲ್ಲಿ. ಜೋಳ, ಕಡಲೆ, ತೊಗರಿ, ಅಂದರೆ ನಮ್ಮ ಸೀಮೆಯ ತಾಟಿನಲ್ಲಿರುವುದೇ ಅದರ ಅಧ್ಯಯನದ ವಸ್ತು. ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಹೆಸರು ನೋಂದಾಯಿಸಿದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಪಿಎಚ್‌.ಡಿ ಕೆಲಸ ಮಾಡುತ್ತಾರೆ.

ತೊಗರಿಗೆ ಬರುವ ನೆಟೆ ರೋಗವನ್ನೇ ತೆಗೆದುಕೊಳ್ಳಿ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು, ಗಿಡ ನೀರೇರಿಸುವ ನಾಳಗಳನ್ನು ಕಟ್ಟಿಬಿಡುತ್ತದೆ. ಈ ರೋಗದ ಬಗ್ಗೆ ಇ.ಜೆ. ಬಟ್ಲರ್ ಎಂಬ ಶಿಲೀಂಧ್ರ ವಿಜ್ಞಾನಿ ಬರೆದದ್ದು 1906ರಲ್ಲಿ. 1910ರಲ್ಲಿ ಆ ಶಿಲೀಂಧ್ರಕ್ಕೆ ಹೆಸರಿಟ್ಟರು. ಈ ರೋಗವನ್ನು ತಾಳಿಕೊಳ್ಳುವ ‘ಮಾರುತಿ’ ತಳಿ ಕರ್ನಾಟಕದ ರೈತರ ಕೈಗೆ ಬಂದದ್ದು 1980ರ ದಶಕದಲ್ಲಿ. ನಡುವೆ ಎಪ್ಪತ್ತಕ್ಕೂ ಹೆಚ್ಚು ವರ್ಷ. ‘ಇದರಿಂದ ರೈತನಿಗೇನು ಲಾಭ?’ ಎಂದು 1910ರಲ್ಲಿ ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಹಾಗಂತ ಬಟ್ಲರ್ ಸಂಬಳ ವ್ಯರ್ಥವಾಗಿತ್ತೇ?

2011ರಲ್ಲಿ ತೊಗರಿಯ ಜೀನೋಮಿನ ಕರಡು ನಕ್ಷೆ ಪ್ರಕಟವಾಯಿತು. ಇಕ್ರಿಸ್ಯಾಟ್‌ನ ನೇತೃತ್ವದ ಆ ಕೆಲಸಕ್ಕೆ ಆರಿಸಿಕೊಂಡದ್ದು ‘ಆಶಾ’ ಎಂಬ ತಳಿ. ಎಣಿಸಿದ ಜೀನುಗಳು 48,680. ಹತ್ತು ವರ್ಷ ಕಳೆದು, 2022ರ ಹಂಗಾಮಿನಲ್ಲಿ, ಕಲಬುರಗಿ ಸೀಮೆಯ ತೊಗರಿ ನೆಟೆ ರೋಗಕ್ಕೆ ಮತ್ತೆ ದೊಡ್ಡ ಪ್ರಮಾಣದಲ್ಲಿ ಒಣಗಿತು. ನಕ್ಷೆ ಕೈಯಲ್ಲಿದ್ದೂ ಹೊಲ ಒಣಗಬಹುದು. ಆದ್ದರಿಂದ ಐದು ವರ್ಷದ ಫೆಲೋಶಿಪ್ ಮುಗಿಯುವುದರೊಳಗೆ ಸಾಲ ತೀರಿಸು ಎಂದು ವಿದ್ಯಾರ್ಥಿಗೆ ಹೇಳುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ.

ಹಾಗಾದರೆ ಇದು ಬರೀ ಬಹುಮಾನವೇ? ಅದೂ ಅಲ್ಲ. ಇಕ್ರಿಸ್ಯಾಟ್‌ನ ಬೀಜಭಂಡಾರದಲ್ಲಿ 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳಿವೆ. ಅವುಗಳಲ್ಲಿ ಬಹುಪಾಲು ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ, ಊರೂರಿನ ಹೊಲಗಳಿಂದ ಬಂದದ್ದು. ಬರ ಬಂದ ವರ್ಷವೂ ಬೀಜಕ್ಕೆಂದು ಎತ್ತಿಟ್ಟದ್ದನ್ನು ಬೇಯಿಸದೆ, ಬೂದಿ ಸವರಿ ಗಡಿಗೆಯಲ್ಲಿ ಕಾದಿಟ್ಟ ಹೆಣ್ಣುಮಕ್ಕಳ ಕೈ ಆ ಭಂಡಾರದ ಹಿಂದಿದೆ. ಅವರು ಯಾವ ಪ್ರಬಂಧದ ಲೇಖಕರ ಪಟ್ಟಿಯಲ್ಲೂ ಇಲ್ಲ. ಫೆಲೋಶಿಪ್ ಕೊಡುವುದು ಸರ್ಕಾರ. ಆದರೆ ಅಧ್ಯಯನಕ್ಕೆ ಗಿಡವನ್ನೇ ಕೊಟ್ಟವರು ಇವರು. ಪರೀಕ್ಷೆ ನಾನು ಗೆದ್ದಿರಬಹುದು, ಬೀಜವನ್ನು ನಾನು ಗೆದ್ದಿಲ್ಲ.

ಬಹುಮಾನವೂ ಅಲ್ಲದ, ಸಾಲವೂ ಅಲ್ಲದ ಈ ಹಣವನ್ನು ಅರಿಯಲು ದಾರಿ ನಮ್ಮ ಸೀಮೆಯಲ್ಲೇ ಇದೆ. ಹೆದ್ದಾರಿಯಿಂದ ತುಸು ಒಳಗಿರುವ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದರು. ಅದರ ಫಲವನ್ನು ಹಂಚುವುದನ್ನು ದಾಸೋಹವೆಂದರು. ಆಯ್ದಕ್ಕಿ ಮಾರಯ್ಯನ ಕಥೆ ನಿಮಗೂ ಗೊತ್ತು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದಳು. ಅಕ್ಕಿ ಆಯುವುದು ತಪ್ಪೆಂದು ಅವಳು ಹೇಳಲಿಲ್ಲ. ತಗೊಳ್ಳುವುದರಲ್ಲಿ ನಾಚಿಕೆ ಇರಲಿಲ್ಲ, ಅಳತೆ ಇತ್ತು.

ಇಲ್ಲಿ ಒಂದು ಎಚ್ಚರ ಬೇಕು. ‘ಸಂಶೋಧನೆ ತಪಸ್ಸು, ದುಡ್ಡಿನ ಮಾತೇಕೆ?’ ಎಂದು ಹೇಳುವವರು ಬಹಳ. ಫೆಲೋಶಿಪ್ ತಿಂಗಳುಗಟ್ಟಲೆ ತಡವಾದಾಗ, ಮೆಸ್ ಬಿಲ್ಲಿಗೆ ಗೆಳೆಯರಲ್ಲಿ ಕೈಸಾಲ ಮಾಡುವ ವಿದ್ಯಾರ್ಥಿಗೂ ಈ ಮಾತೇ ಕೇಳಿಸುತ್ತದೆ. ಶಿಷ್ಯವೇತನ 25,000ದಿಂದ 31,000ಕ್ಕೆ ಏರಿದ್ದು 2019ರಲ್ಲಿ, ದೇಶದ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದು ಕೇಳಿದ ಮೇಲೆ. ಅವರು ಕೇಳಿದ್ದು ಕಾಯಕಕ್ಕೆ ವಿರುದ್ಧವಲ್ಲ. ಲಕ್ಕಮ್ಮನ ಮಾತಿಗೆ ಬೆಲೆ ಬಂದದ್ದು, ಅದನ್ನು ಆಡಿದವಳು ಅದೇ ಅಕ್ಕಿಯಿಂದ ಒಲೆ ಹಚ್ಚಬೇಕಾದವಳಾದ್ದರಿಂದ. ಕಣಜದ ಬೀಗ ಹಿಡಿದವರು ಹಸಿದವರಿಗೆ ‘ಸಾಕು’ ಅನ್ನುವುದು ದಾಸೋಹವಲ್ಲ, ಜಿಪುಣತನ. ಅಳತೆಯನ್ನು ದುಡಿಯುವವರು ತಾವೇ ಹಾಕಿಕೊಳ್ಳಬೇಕು.

ಈ ಅಳತೆ ಹಣಕ್ಕಷ್ಟೇ ಅಲ್ಲ ಎಂಬುದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಸಂಶೋಧನೆಯಲ್ಲಿ ದಿನವೂ ಎದುರಾಗುವ ಆಸೆ ಹಣದ್ದಲ್ಲ, ಮಾತಿನದ್ದು. ಮೂರು ಕುಂಡದಲ್ಲಿ ಕಂಡದ್ದನ್ನು ಮೂರು ಜಿಲ್ಲೆಗೆ ಹಿಗ್ಗಿಸಿ ಹೇಳುವ ಆಸೆ. ಹತ್ತು ಗಿಡಗಳಲ್ಲಿ ಎರಡು ಕೈಕೊಟ್ಟಾಗ ಆ ಎರಡನ್ನು ಲೆಕ್ಕದಿಂದ ಬಿಡುವ ಆಸೆ. ಒಂದು ಪ್ರಯೋಗದಿಂದ ನಾಲ್ಕು ಪ್ರಬಂಧ ತೆಗೆಯುವ ಆಸೆ. ಇವೆಲ್ಲ ಅಳತೆ ಮೀರಿ ಆಯ್ದ ಅಕ್ಕಿಯೇ. ಹೊಲ ತೋರಿಸಿದ್ದಕ್ಕಿಂತ ಒಂದು ಕಾಳು ಹೆಚ್ಚು ಬರೆದರೂ ಅದನ್ನು ಅಲ್ಲೇ ಸುರಿದು ಬರಬೇಕು. ಸುರಿಯದಿದ್ದರೆ ಮುಂದೊಂದು ದಿನ ಆ ಮಾತು ನಂಬಿ ಬಿತ್ತಿದವರು ನಷ್ಟ ಅನುಭವಿಸುತ್ತಾರೆ. ಪ್ರಯೋಗ ಸೋತರೆ ಸೋತಿತೆಂದು ಬರೆಯುವುದೂ ದುಡಿಮೆಯ ಫಲವೇ. ಮುಂದೆ ಬರುವ ವಿದ್ಯಾರ್ಥಿ ಅದೇ ಕುರುಡು ದಾರಿಯಲ್ಲಿ ಎರಡು ವರ್ಷ ಕಳೆಯುವುದು ತಪ್ಪುತ್ತದೆ.

ಇನ್ನು ದಾಸೋಹ. ನಮ್ಮ ಪ್ರಬಂಧಗಳು ಇಂಗ್ಲಿಷಿನಲ್ಲಿ ಹುಟ್ಟಿ ಗ್ರಂಥಾಲಯದ ಕಪಾಟಿನಲ್ಲಿ ಮಲಗುತ್ತವೆ. ವಿಜ್ಞಾನದ ಮಾತು ಜಗತ್ತಿಗೆಲ್ಲ ಮುಟ್ಟಬೇಕಾದರೆ ಇಂಗ್ಲಿಷ್ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಯಾರದೋ ಹೊಲಕ್ಕೆ ಹೋಗಿ ಒಣಗಿದ ಗಿಡವನ್ನು ಬೇರುಸಹಿತ ಕಿತ್ತು, ಮಣ್ಣನ್ನು ಚೀಲದಲ್ಲಿ ಕಟ್ಟಿ ತಂದಿರುತ್ತೇವೆ. ಆ ಗಿಡಕ್ಕೆ ಏನಾಗಿತ್ತು ಎಂದು ಆ ಹೊಲದವರಿಗೆ ಎಷ್ಟು ಸಲ ತಿಳಿಸುತ್ತೇವೆ? ಇದಕ್ಕೆ ಎಪ್ಪತ್ತು ವರ್ಷ ಬೇಕಿಲ್ಲ. ಔಷಧಿ ಸಿಕ್ಕಿರಬೇಕೆಂದೂ ಇಲ್ಲ. ಸಿಕ್ಕಿಲ್ಲವೆಂದು ಹೇಳಿದರೂ ಆದೀತು.

ಆದ್ದರಿಂದ ಈ ಓದಿಗೆ ಹೊರಟಿರುವ ಕಿರಿಯರಿಗೆ ನಾನು ಹೇಳುವುದಿಷ್ಟೆ. ಫೆಲೋಶಿಪ್ಪನ್ನು ನಾಚದೆ ತಗೊಳ್ಳಿ, ತಡವಾದರೆ ಜೋರಾಗಿ ಕೇಳಿ. ನಾಳೆಯೇ ಲಾಭ ತೋರಿಸಬೇಕೆಂಬ ಒತ್ತಡಕ್ಕೆ ಬಿದ್ದು ನಿಮ್ಮ ಪ್ರಶ್ನೆಯನ್ನು ಸಣ್ಣದು ಮಾಡಿಕೊಳ್ಳಬೇಡಿ. ಪ್ರಬಂಧ ಸಲ್ಲಿಸುವ ಮುನ್ನ ಕನ್ನಡದಲ್ಲಿ ಎರಡು ಪುಟ ಬರೆಯಿರಿ: ಏನು ಹುಡುಕಿದೆ, ಏನು ಸಿಕ್ಕಿತು, ಏನು ಸಿಗಲಿಲ್ಲ. ಅದನ್ನು ಹಿಡಿದುಕೊಂಡು, ಗಿಡ ಕಿತ್ತು ತಂದ ಆ ಹೊಲಕ್ಕೆ ಇನ್ನೊಮ್ಮೆ ಹೋಗಿಬನ್ನಿ.