ಜ್ಞಾನದಾನವೂ ಜಾಲತಾಣವೂ

ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಮಾತ್ಸರ್ಯವನ್ನೂ ಅಂತರಾಯವನ್ನೂ ಎಣಿಸುತ್ತದೆ. ಕೊಡಲು ಯೋಗ್ಯವಾದ ಜ್ಞಾನವನ್ನು ಕೊಡದೆ ಇಟ್ಟುಕೊಳ್ಳುವುದು ಮಾತ್ಸರ್ಯ. ಇನ್ನೊಬ್ಬರ ಜ್ಞಾನಾರ್ಜನೆಗೆ ಅಡ್ಡಿಯಾಗುವುದು ಅಂತರಾಯ. ಬಸದಿಗಳ ಗ್ರಂಥಭಂಡಾರ ಮತ್ತು ವಸ್ತುಸಂಗ್ರಹಾಲಯಗಳ ಬೀಗದ ಕೈ ಯಾರ ವಶದಲ್ಲಿದೆಯೋ ಅವರಿಗೆ ಈ ಮಾತು ನೇರವಾಗಿ ತಾಗುತ್ತದೆ.

ಇಂಗ್ಲೆಂಡಿನಲ್ಲಿ ನಡೆದ ಒಂದು ಕಾರ್ಯ ಇಲ್ಲಿ ಸ್ಮರಣೀಯ. ಬ್ರಿಟಿಷ್ ಲೈಬ್ರರಿಯ ಜೈನ ಹಸ್ತಪ್ರತಿಗಳ ಸೂಚಿಯು 2006ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ನಳಿನಿ ಬಲ್ಬೀರ್ ಮೊದಲಾದ ವಿದ್ವಾಂಸರ ಆ ಪರಿಶ್ರಮ ಅಸಾಧಾರಣವಾದುದು. ಆದರೆ ಅಂತಹ ಗ್ರಂಥವನ್ನು ತೆರೆದು ನೋಡುವವರು ಪಂಡಿತರಷ್ಟೇ. ಇನ್‌ಸ್ಟಿಟ್ಯೂಟ್ ಆಫ್ ಜೈನಾಲಜಿ ಸಂಸ್ಥೆಯು ಅಲ್ಲಿಗೇ ನಿಲ್ಲದೆ ‘ಜೈನ್‌ಪೀಡಿಯಾ’ ಎಂಬ ಜಾಲತಾಣವನ್ನು ರೂಪಿಸಿತು. ಬ್ರಿಟಿಷ್ ಲೈಬ್ರರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯ ಮುಂತಾದೆಡೆಗಳ ಹಸ್ತಪ್ರತಿಗಳು ಅಲ್ಲಿ ವಿವರಣೆಯೊಡನೆ ದೊರೆಯುತ್ತವೆ. ಜೈನೇತರರೂ ಶಾಲೆಯ ಮಕ್ಕಳೂ ಓದಬಹುದಾದ ವಿವರಣೆ ಅದು. ಅಲ್ಲಿರುವವು ಬಹುಮಟ್ಟಿಗೆ ಪಶ್ಚಿಮ ಭಾರತದ ಶ್ವೇತಾಂಬರ ಪರಂಪರೆಯವು. ಕನ್ನಡನಾಡಿನ ತಾಳೆಗರಿಗಳ ಸರದಿ ನಮ್ಮ ಕೈಯಲ್ಲಿಯೇ ಇದೆ.

ಹಿರಿಯರ ಒಂದು ಆಕ್ಷೇಪವುಂಟು. ಜಿನಬಿಂಬದ ಚಿತ್ರವನ್ನು ಯಾರು ಬೇಕಾದರೂ, ಎಲ್ಲೆಂದರಲ್ಲಿ, ಶುಚಿಯ ಪರಿವೆಯಿಲ್ಲದೆ ನೋಡಿದರೆ ಅವಿನಯವಲ್ಲವೆ? ಇದು ತಳ್ಳಿಹಾಕುವ ಮಾತಲ್ಲ. ಮೂಡಬಿದಿರೆಯಲ್ಲಿ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳನ್ನು ಶತಮಾನಗಳ ಕಾಲ ಕೇವಲ ದರ್ಶನಕ್ಕೆ ಇರಿಸಿ ಕಾಪಾಡಿದವರ ಭಕ್ತಿಯಿಂದಲೇ ಆ ಗ್ರಂಥ ಉಳಿಯಿತು. ಆದರೂ 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದರ ಪ್ರಥಮ ಸಂಪುಟ ಅಚ್ಚಾಗದಿದ್ದರೆ ನಾವಿಂದು ಅದರ ಹೆಸರಿಗೆ ಕೈಮುಗಿಯುತ್ತಿದ್ದೆವೇ ಹೊರತು ಅರ್ಥವನ್ನು ಅರಿಯುತ್ತಿರಲಿಲ್ಲ. ಅಚ್ಚಾದುದರಿಂದ ಧವಲಾದ ಪಾವಿತ್ರ್ಯ ಕುಗ್ಗಿತೆಂದು ಇಂದು ಯಾರೂ ಹೇಳಲಾರರು.

ಬಾಗಿಲು ತೆರೆಯುವುದಕ್ಕಿಂತ ಕಠಿಣವಾದುದು, ಬಂದವರೊಡನೆ ಆಡುವ ಮಾತು. ಸಮವಸರಣದಲ್ಲಿ ದಿವ್ಯಧ್ವನಿಯು ಪ್ರತಿಯೊಂದು ಜೀವಿಗೂ ಅದರದರ ಭಾಷೆಯಲ್ಲಿ ತಿಳಿಯಿತೆನ್ನುತ್ತೇವೆ. ಅದಕ್ಕಾಗಿ ಅರ್ಥವೇ ಬದಲಾಯಿತೆನ್ನುವುದಿಲ್ಲ. ಚಂದ್ರಗಿರಿಯ ಶಾಸನಗಳನ್ನು ಜಾಲತಾಣದಲ್ಲಿ ಪರಿಚಯಿಸುವವನು ಸಲ್ಲೇಖನವನ್ನು ‘ಉಪವಾಸದಿಂದ ಸಾಯುವುದು’ ಎಂದು ಬರೆದುಬಿಟ್ಟರೆ ಓದುಗನಿಗೆ ಶ್ರಮವಿಲ್ಲ, ಆದರೆ ಅದು ಅಸತ್ಯ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯ ಅದನ್ನು ಆತ್ಮಹತ್ಯೆಗೆ ಸಮಾನವೆಂದು ಭಾವಿಸಿತು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಪ್ರತೀಕಾರವಿಲ್ಲದ ರೋಗ, ಮುಪ್ಪು, ದುರ್ಭಿಕ್ಷ, ಉಪಸರ್ಗಗಳು ಒದಗಿದಾಗ ಮಾತ್ರ ಅದಕ್ಕೆ ಅವಕಾಶವೆಂಬುದನ್ನೂ, ಕಷಾಯಗಳನ್ನು ಕೃಶಗೊಳಿಸುವುದೇ ಅದರ ಪ್ರಾಣವೆಂಬುದನ್ನೂ ಹೇಳಲು ಇನ್ನೆರಡು ವಾಕ್ಯ ಬೇಕು. ಆ ಎರಡು ವಾಕ್ಯಗಳ ಜಿಪುಣತನವೂ ಮಾತ್ಸರ್ಯವೇ ಎಂದು ನನಗೆ ತೋರುತ್ತದೆ.

ದಿಗಂಬರತ್ವದ ವಿಷಯದಲ್ಲಿಯೂ ಹೀಗೆಯೇ. ಪರಕೀಯರು ಏನೆಂದುಕೊಂಡಾರೋ ಎಂಬ ಸಂಕೋಚದಿಂದ ಮೂರ್ತಿಯ ಮುಖವನ್ನಷ್ಟೇ ತೋರಿಸುವವರಿದ್ದಾರೆ. ಅಪರಿಗ್ರಹವನ್ನು ಮರೆಮಾಡಿ ಅಪರಿಗ್ರಹಿಯನ್ನು ಪರಿಚಯಿಸುವುದೆಂತು?

ಜಾಲತಾಣದಲ್ಲಿ ಪ್ರತಿ ಚಿತ್ರಕ್ಕೂ ಒಂದು ಮಾತಿನ ವಿವರಣೆಯನ್ನು ಜೋಡಿಸಿಡುವ ಕ್ರಮವಿದೆ. ಕಣ್ಣಿಲ್ಲದವರಿಗೆ ಯಂತ್ರವು ಅದನ್ನು ಓದಿ ಹೇಳುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಚಿತ್ರದ ಕೆಳಗೆ ‘ನಿಂತಿರುವ ನಗ್ನ ಪುರುಷನ ಕಲ್ಲಿನ ವಿಗ್ರಹ’ ಎಂದು ಬರೆದರೆ ಅದರಲ್ಲಿ ಸುಳ್ಳಿಲ್ಲ, ಬಾಹುಬಲಿಯೂ ಇಲ್ಲ. ಕಾಯೋತ್ಸರ್ಗದಲ್ಲಿ ನಿಶ್ಚಲನಾದವನ ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿದೆ, ಕಾಲ ಬಳಿಯ ಹುತ್ತಗಳಿಂದ ಸರ್ಪಗಳು ಹೊರಬಂದಿವೆ, ತುಟಿಯಲ್ಲಿ ತಿಳಿನಗೆಯಿದೆ ಎಂದರೆ ಕೇಳುವವನಿಗೆ ದರ್ಶನವೇ ಆಯಿತು. ನಮ್ಮ ಟ್ರಸ್ಟುಗಳು ಇಂತಹ ಕೆಲಸವನ್ನು ಯಂತ್ರ ಬಲ್ಲ ತರುಣನೊಬ್ಬನಿಗೇ ಗುತ್ತಿಗೆ ಕೊಟ್ಟು ಕೈತೊಳೆದುಕೊಳ್ಳುವುದುಂಟು. ಶಾಸ್ತ್ರ ಬಲ್ಲ ಹಿರಿಯರೊಬ್ಬರು ಆ ತರುಣನ ಪಕ್ಕದಲ್ಲಿ ಕುಳಿತು, ಒಂದೊಂದು ಚಿತ್ರಕ್ಕೂ ಎರಡು ಸಾಲು ಹೇಳಿ ಬರೆಸುವ ವ್ಯವಸ್ಥೆಯನ್ನು ಬರುವ ಚಾತುರ್ಮಾಸದಲ್ಲಿಯೇ ಆರಂಭಿಸಬಹುದು.