ಕಬ್ಬಿಣಕ್ಕೆ ಒಲ್ಲೆ ಅನ್ನಲು ಬರುತ್ತದೆಯೆ?

ನಮ್ಮ ಸೀಮೆಯಲ್ಲಿ ಪರೀಕ್ಷೆ ಪಾಸಾದ ಹುಡುಗನೂ ‘ಮಾದಪ್ಪ ನಡೆಸಿದ’ ಅನ್ನುತ್ತಾನೆ, ಫೇಲಾದವನ ತಾಯಿಯೂ ಅದನ್ನೇ ಅನ್ನುತ್ತಾಳೆ. ಯಳಂದೂರಿನ ನನ್ನ ತಂಗಿ, ರೂಟ್ ಕೆನಾಲ್ ಮಾಡಿಸಿದ ಹಲ್ಲು ಮತ್ತೆ ಬಾತು ಮತ್ತೆ ವಾಸಿಯಾದಾಗ, ಡಾಕ್ಟರಿಗೆ ಫೀಸು ಕೊಟ್ಟಳು. ಉಪಕಾರ ಮಾತ್ರ ಬಿಳಿಗಿರಿ ರಂಗಪ್ಪನ ಲೆಕ್ಕಕ್ಕೆ ಬರೆದಳು. ಹನೂರಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ನನಗೆ ಈ ಮಾತಿನಲ್ಲಿ ಅರ್ಧ ಒಪ್ಪಿಗೆ, ಅರ್ಧ ತಕರಾರು.

ತಕರಾರಿಗೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಒಳ್ಳೆಯ ಸಾಕ್ಷಿ ಇದೆ. ಹಲ್ಲಿನ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ನಾಳಗಳಿವೆ. ಔಷಧಿ ಮುಟ್ಟದ ಆಳದಲ್ಲಿ ಎಂಟೆರೋಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಬಿಡಾರ ಹೂಡುತ್ತದೆ. 2022ರಲ್ಲಿ ಅಂಬರೀಷ್ ಘೋಷ್ ಅವರ ತಂಡದವರು, ಕಿತ್ತ ಹಲ್ಲುಗಳಲ್ಲಿ, ಕಬ್ಬಿಣ ಲೇಪಿಸಿದ ಸಿಲಿಕಾ ನ್ಯಾನೊಬಾಟ್‌ಗಳನ್ನು ಕಾಂತಕ್ಷೇತ್ರದಿಂದ ಆ ನಾಳಗಳೊಳಗೆ 2,000 ಮೈಕ್ರೋಮೀಟರ್‌ವರೆಗೆ ನಡೆಸಿದರು. ಅಲ್ಲಿ ಕಾಂತಕ್ಷೇತ್ರವನ್ನು ಬದಲಿಸಿ, ಅವುಗಳ ಮೈ ಬಿಸಿಯಾಗಿ ಸುತ್ತಲಿನ ಬ್ಯಾಕ್ಟೀರಿಯಾ ಸಾಯುವಂತೆ ಮಾಡಿದರು. ಬೇಕೆಂದಾಗ ಹೊರಕ್ಕೂ ಕರೆಸಿಕೊಂಡರು.

ಅಯಸ್ಕಾಂತ ಎಳೆಯಿತು, ಅವು ಹೋದವು ಅಂದುಕೊಳ್ಳಬೇಡಿ. ಸುತ್ತಲೂ ಒಂದೇ ಸಮನಾಗಿರುವ ಕಾಂತಕ್ಷೇತ್ರ ಯಾವುದನ್ನೂ ಎಳೆಯುವುದಿಲ್ಲ. ತಿರುಗಿದರೆ ತನ್ನ ಜೊತೆಗೆ ತಿರುಗಿಸುತ್ತದೆ, ಅಷ್ಟೆ. ಅಷ್ಟು ಸಣ್ಣ ವಸ್ತುವಿಗೆ ನೀರೂ ಜೋನಿಬೆಲ್ಲದ ಹಾಗೆ. ಅದರೊಳಗೆ ಹಿಂದೆ ಮುಂದೆ ಒಂದೇ ಥರ ಆಡುವವನು ಇದ್ದಲ್ಲೇ ಇರುತ್ತಾನೆಂದು ಭೌತವಿಜ್ಞಾನಿ ಪರ್ಸೆಲ್ 1977ರಲ್ಲೇ ತೋರಿಸಿದ್ದರು. ಈ ಕಣ ಮುಂದೆ ಹೋಗುವುದು ಅದರ ಮೈ ಸ್ಕ್ರೂವಿನಂತೆ ತಿರುಚಿಕೊಂಡಿರುವುದರಿಂದ. ಉರುಟು ಕಣವಾಗಿದ್ದರೆ ನಿಂತಲ್ಲೇ ಗಿರಗಿರ. ತಿರುಗಿಸುವುದು ಮಾದಪ್ಪ, ಸಾಗಿಸುವುದು ನಿನ್ನ ತಿರುಚು: ನನ್ನ ಅರ್ಧ ಇದು.

ಈ ವಾದವನ್ನು, ಸಿದ್ದಪ್ಪಾಜಿಯ ಗದ್ದುಗೆ ಇರುವ ಚಿಕ್ಕಲ್ಲೂರಿನ ಜಾತ್ರೆಯಲ್ಲಿ, ಮಂಟೇಸ್ವಾಮಿ ಪದ ಹಾಡುವ ಪರಿಚಯದ ನೀಲಗಾರರೊಬ್ಬರ ಮುಂದಿಟ್ಟೆ. ಚಂದ್ರಮಂಡಲ ಹಚ್ಚಲು ಇನ್ನೂ ಹೊತ್ತಿತ್ತು. ತಂಬೂರಿಯ ತಂತಿಯನ್ನು ಹೆಬ್ಬೆರಳಲ್ಲಿ ಮೀಟಿ, ಕಿವಿ ಹತ್ತಿರ ತಂದು, ಬಿರಡೆ ಒಂದಿಷ್ಟು ತಿರುವಿ, ಮತ್ತೆ ಮೀಟುತ್ತ ಕೇಳಿದರು:

“ಆ ತಿರುಚ್ನ ಆಕ್ದೋರು ಯಾರು ಮೇಷ್ಟ್ರೇ?”

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಗಾಜಿನ ಆವಿಯನ್ನು ಓರೆಯಾಗಿ ಬೀಳಿಸುತ್ತ, ಕೆಳಗಿನ ತಟ್ಟೆಯನ್ನು ಮೆಲ್ಲಗೆ ತಿರುಗಿಸಿಯೇ ಆ ತಿರುಚನ್ನು ಬೆಳೆಸುವುದು. ನನ್ನದು ಅಂದ ಅರ್ಧವೂ ಇನ್ನೊಬ್ಬರು ತಿರುಗಿಸಿದ್ದೇ! ಅದನ್ನೇ ಹೇಳಿದೆ. ಅವರು ಗೆಲ್ಲುತ್ತಾರೆ ಅಂದುಕೊಂಡರೆ, ಪಕ್ಷವನ್ನೇ ಬದಲಿಸಿದರು.

“ನಿಮ್ ಕಬ್ಬುಣ್ಕ ಒಲ್ಲೆ ಅನ್ನಕ ಬತ್ತದಾ?”

“ಇಲ್ಲ ಯಜಮಾನ್ರೇ.”

“ಸಿದ್ದಪ್ಪಾಜಿಗ ಬತ್ತಿತ್ತು. ಅನ್ನನಿಲ್ಲ. ಗದ್ದುಗ ಅದ್ಕೇ.”

ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗು ಎಂದು ಗುರು ಮಂಟೇಸ್ವಾಮಿ, ನಮ್ಮ ಧರೆಗೆ ದೊಡ್ಡವರು, ಕಳಿಸಿದಾಗ, ಪಾಂಚಾಳರು ಒಡ್ಡಿದ ಪರೀಕ್ಷೆಗಳನ್ನೆಲ್ಲ ಸಿದ್ದಪ್ಪಾಜಿ ಒಬ್ಬನೇ ಎದುರಿಸಿದ. ಭಕ್ತಿ ಇರುವುದು ತಿರುಗಿಸುವವನಲ್ಲೂ ಅಲ್ಲ, ತಿರುಚಿನಲ್ಲೂ ಅಲ್ಲ, ಬಿಟ್ಟುಹೋಗಬಹುದಾಗಿದ್ದ ಜಾಗದಲ್ಲಿ ಎಂಬುದು ಅವರ ಮತ. ಪ್ರಯೋಗಾಲಯದ ಕಣಕ್ಕೆ ಅಂಥ ಜಾಗವೇ ಇಲ್ಲ. ಒಪ್ಪಿದೆ, ಆದರೂ ಮೇಷ್ಟ್ರ ನಾಲಿಗೆ ಸುಮ್ಮನಿರಲಿಲ್ಲ: ಅಷ್ಟು ಶಿಷ್ಯರಿದ್ದೂ ಕಬ್ಬಿಣ ತರಲು ಸಿದ್ದಪ್ಪಾಜಿಯಾದ ಕಮ್ಮಾರರ ಹುಡುಗ ಕೆಂಪಾಚಾರಿಯನ್ನೇ ಗುರು ಆರಿಸಿದ್ದು, ಅವನ ತಿರುಚು ನೋಡಿಯೇ ಅಲ್ಲವೆ?

“ಅದ್ನ ಜಾತ್ರ ಮುಗುದ್ಮೇಲ ಕೇಳಿ,” ಅಂದು ಪದ ಎತ್ತಿಕೊಂಡರು.