ಯಾರ ಕಣ್ಣಿಗೆ ಸಾಕು?

ಬೆಂಗಳೂರಿನ ಕೆ.ಆರ್. ವೃತ್ತದಲ್ಲಿರುವ, ನಾವಿಂದು ಯುವಿಸಿಇ ಎಂದು ಕರೆಯುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಸಿರ್ ಅಹ್ಮದ್ ಎಂಬ ತರುಣ 1961ರಲ್ಲಿ ಪದವಿ ಮುಗಿಸಿದರು. ಅಲ್ಲಿಂದ ಅಮೆರಿಕಕ್ಕೆ ಹೋಗಿ, ನ್ಯೂ ಮೆಕ್ಸಿಕೊದಲ್ಲಿ ಡಾಕ್ಟರೇಟ್ ಪಡೆದು, ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಚಿತ್ರಗಳನ್ನು ಕಡಿಮೆ ಅಂಕಿಗಳಲ್ಲಿ ಹಿಡಿದಿಡುವ ಒಂದು ಗಣಿತದ ಉಪಾಯ ಅವರಿಗೆ ಹೊಳೆಯಿತು. ಅದರ ಮೇಲೆ ಕೆಲಸ ಮಾಡಲು ನೆರವು ಕೋರಿ 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಅರ್ಜಿ ನೋಡಿದ ಪರಿಶೀಲಕರೊಬ್ಬರಿಗೆ ಆ ವಿಚಾರ ತೀರಾ ಸರಳವಾಗಿ ಕಂಡಿತು. ಹಣ ಸಿಗಲಿಲ್ಲ.

ಅಹ್ಮದ್ ಬಿಡಲಿಲ್ಲ. 1973ರ ಬೇಸಿಗೆ ರಜೆಯನ್ನು ಸಂಬಳವಿಲ್ಲದೆ ಅದೇ ಕೆಲಸಕ್ಕೆ ಕೊಟ್ಟರು. ಅವರ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಜೊತೆಗೂಡಿದರು. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ನಾಲ್ಕು ಪುಟಗಳ ಪ್ರಬಂಧ ಪ್ರಕಟವಾಯಿತು. ಅದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. 1992ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಜೆಪೆಗ್ ನಿಂತಿರುವುದು ಇದರ ಮೇಲೆ. ಡಿವಿಡಿ, ಡಿಜಿಟಲ್ ಟಿ.ವಿ., ವಿಡಿಯೊ ಕರೆಗಳ ಬುಡದಲ್ಲಿಯೂ ಇದೇ ಲೆಕ್ಕ ಅಥವಾ ಇದರ ಮಕ್ಕಳು ಮೊಮ್ಮಕ್ಕಳು. ಬೆಳಿಗ್ಗೆ ಎದ್ದೊಡನೆ ಮೊಬೈಲಿಗೆ ಬಂದು ಬೀಳುವ ಶುಭೋದಯದ ಹೂವುಗಳಲ್ಲಿ ಹೆಚ್ಚಿನವು ಈ ಲೆಕ್ಕದ ಮೂಲಕವೇ ಹಾದು ಬಂದಿರುತ್ತವೆ.

ಚಿತ್ರವನ್ನು ಕುಗ್ಗಿಸುವುದು ಅಷ್ಟು ಮುಖ್ಯವೇ ಎಂದು ಕೇಳಬಹುದು. 1965ರಲ್ಲಿ ಮ್ಯಾರಿನರ್-4 ನೌಕೆ ಮಂಗಳ ಗ್ರಹದ ಬಳಿ ಹಾದುಹೋಗುತ್ತ ಫೋಟೊ ತೆಗೆಯಿತು. ಒಂದೊಂದರಲ್ಲೂ 200 ಸಾಲು, ಸಾಲಿಗೆ 200 ಚುಕ್ಕಿ, ಚುಕ್ಕಿಗೆ 6 ಬಿಟ್. ಸೆಕೆಂಡಿಗೆ 8 ಬಿಟ್‌ಗಿಂತ ತುಸು ಹೆಚ್ಚಿನ ವೇಗದಲ್ಲಿ ಅವು ಭೂಮಿಗೆ ಬರಬೇಕಿತ್ತು. ಒಂದು ಚಿತ್ರಕ್ಕೆ ಸುಮಾರು 8 ಗಂಟೆ ಹಿಡಿಯಿತು. ಇಂದಿನ 12 ಮೆಗಾಪಿಕ್ಸೆಲ್ ಫೋಟೊದಲ್ಲಿ 1.2 ಕೋಟಿ ಚುಕ್ಕಿಗಳಿವೆ. ಚುಕ್ಕಿಗೆ ಮೂರು ಬಣ್ಣದ ಅಂಕಿಗಳೆಂದರೆ 3.6 ಕೋಟಿ ಬೈಟ್. ಇದನ್ನು ಹಾಗೆಹಾಗೆಯೇ ಇಟ್ಟುಕೊಂಡರೆ ಫೋನು ಬೇಗ ತುಂಬುತ್ತದೆ, ಕಳಿಸಲು ಹೊರಟರೆ ಜಾಲ ಏದುಸಿರು ಬಿಡುತ್ತದೆ. ಜೆಪೆಗ್ ಇದನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರೂ ನೋಡುವವರಿಗೆ ಸಾಮಾನ್ಯವಾಗಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಉಳಿದ ಒಂಬತ್ತು ಭಾಗ ಎಲ್ಲಿ ಹೋಯಿತು? ಚಿತ್ರದಲ್ಲಿ ಅಕ್ಕಪಕ್ಕದ ಚುಕ್ಕಿಗಳು ಬಹುಮಟ್ಟಿಗೆ ಒಂದೇ ತರ ಇರುತ್ತವೆ. ಆಕಾಶದ ಒಂದು ಚುಕ್ಕಿ ನೀಲಿಯಾಗಿದ್ದರೆ ಪಕ್ಕದ್ದೂ ನೀಲಿಯೇ. ಆದ್ದರಿಂದ ಚಿತ್ರವನ್ನು 8 ಅಡ್ಡ, 8 ಉದ್ದದ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. ಚೌಕದ 64 ಅಂಕಿಗಳನ್ನು ಡಿಸಿಟಿ ಬೇರೆ 64 ಅಂಕಿಗಳಾಗಿ ಬದಲಿಸುತ್ತದೆ. ಮೊದಲನೆಯ ಅಂಕಿ ಇಡೀ ಚೌಕದ ಸರಾಸರಿ ಬೆಳಕನ್ನು ಹೇಳುತ್ತದೆ. ಅದರ ಹತ್ತಿರದವು ಬೆಳಕು ನಿಧಾನವಾಗಿ ಏರಿಳಿಯುವ ಬಗೆಯನ್ನೂ ದೂರದ ಮೂಲೆಯವು ನವಿರಾದ, ಚುರುಕಾದ ಏರಿಳಿತವನ್ನೂ ಹೇಳುತ್ತವೆ. ಸಾಮಾನ್ಯ ಚಿತ್ರಗಳಲ್ಲಿ ತೂಕವೆಲ್ಲ ಮೊದಲ ಕೆಲವು ಅಂಕಿಗಳಲ್ಲೇ ಸೇರಿಕೊಳ್ಳುತ್ತದೆ, ಕೊನೆಯವು ಸೊನ್ನೆಯ ಆಸುಪಾಸಿನಲ್ಲಿರುತ್ತವೆ.

ಇಷ್ಟರವರೆಗೆ ಏನೂ ಕಳೆದುಹೋಗಿಲ್ಲ. ಲೆಕ್ಕವನ್ನು ತಿರುಗಿಸಿದರೆ ಮೂಲ ಚಿತ್ರವೇ ಬರುತ್ತದೆ. ಕಣದಲ್ಲಿ ರಾಶಿ ತೂರುವಾಗ ಗಾಳಿ ಕಾಳು ಜೊಳ್ಳುಗಳನ್ನು ಬೇರೆಬೇರೆ ಕಡೆ ಬೀಳಿಸುತ್ತದೆ. ಯಾವುದನ್ನು ಚೀಲಕ್ಕೆ ತುಂಬಬೇಕು ಎನ್ನುವುದು ರೈತನ ತೀರ್ಮಾನ. ಡಿಸಿಟಿ ಮಾಡುವುದು ಗಾಳಿಯ ಕೆಲಸ. ರೈತನ ಕೆಲಸ ಮಾಡುವುದು ಅದರ ನಂತರ ಬರುವ ಒಂದು ಭಾಗಾಕಾರದ ಪಟ್ಟಿ. ಜೆಪೆಗ್ ಮಾನಕದ ಜೊತೆ ಮಾದರಿಗೆಂದು ಕೊಟ್ಟ ಪಟ್ಟಿಯಲ್ಲಿ ಮೊದಲ ಅಂಕಿಯನ್ನು 16ರಿಂದ, ಕೊನೆಯದನ್ನು 99ರಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತರಬೇಕು. ಮೊದಲನೆಯದು 230 ಇದ್ದರೆ 14 ಆಗುತ್ತದೆ. ಬಿಚ್ಚುವಾಗ 16ರಿಂದ ಗುಣಿಸಿದರೆ 224 ಬರುತ್ತದೆ, ಕೊಂಚವಷ್ಟೇ ನಷ್ಟ. ಕೊನೆಯದು 40 ಇದ್ದರೆ ನೇರ ಸೊನ್ನೆ. ಹೀಗೆ ಸಾಲುಗಟ್ಟಿ ನಿಂತ ಸೊನ್ನೆಗಳನ್ನು ‘ಇಲ್ಲಿಂದ ಮುಂದೆಲ್ಲ ಸೊನ್ನೆ’ ಎಂದು ಒಂದೇ ಸಂಕೇತದಲ್ಲಿ ಹೇಳಿ ಮುಗಿಸಬಹುದು.

ಆ ಪಟ್ಟಿಯನ್ನು ರೂಪಿಸಿದ್ದು ಮನುಷ್ಯನ ಕಣ್ಣಿನ ಗುಣ ನೋಡಿ. ನಮ್ಮ ಕಣ್ಣು ನಿಧಾನದ ಏರಿಳಿತವನ್ನು ಚೆನ್ನಾಗಿ ಗುರುತಿಸುತ್ತದೆ, ತೀರಾ ನವಿರಾದುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಬೆಳಕಿನ ವ್ಯತ್ಯಾಸಕ್ಕೆ ಚುರುಕು, ಬಣ್ಣದ ವ್ಯತ್ಯಾಸಕ್ಕೆ ಮಂದ. ಹಾಗಾಗಿ ಬಣ್ಣದ ಅಂಕಿಗಳನ್ನು ಸಾಮಾನ್ಯವಾಗಿ ಮೊದಲೇ ಕಾಲು ಭಾಗಕ್ಕೆ ಇಳಿಸುತ್ತಾರೆ. ಕಾಣದ್ದನ್ನು ಹೊತ್ತು ತಿರುಗುವುದೇಕೆ ಎನ್ನುವುದೇ ಈ ವಿದ್ಯೆಯ ಸೂತ್ರ.

‘ತೀರಾ ಸರಳ’ ಎನ್ನಿಸಿಕೊಂಡ ಗುಣವೇ ಮುಂದೆ ಡಿಸಿಟಿಯ ಕೈ ಹಿಡಿಯಿತು. ಇದೇ ಕೆಲಸವನ್ನು ಇನ್ನೂ ಚೊಕ್ಕವಾಗಿ ಮಾಡುವ ಕಾರ್ಹುನೆನ್–ಲೋವ್ ಎಂಬ ಪರಿವರ್ತನೆ ಆಗಲೇ ಇತ್ತು. ಆದರೆ ಅದು ಚಿತ್ರಗಳ ಗುಣ ಬದಲಾದಂತೆ ತನ್ನ ಗುಣಕಗಳನ್ನೂ ಹೊಸದಾಗಿ ಕಂಡುಕೊಳ್ಳಬೇಕು. ಡಿಸಿಟಿಯ ಗುಣಕಗಳು ಎಲ್ಲ ಚಿತ್ರಕ್ಕೂ ಒಂದೇ, ಫಲ ಮಾತ್ರ ಹೆಚ್ಚುಕಡಿಮೆ ಅದರಷ್ಟೇ. ಬದಲಾಗದ ಗುಣಕಗಳನ್ನು ಸಿಲಿಕಾನ್ ಚಿಪ್‌ನಲ್ಲಿ ಒಮ್ಮೆ ಕೂರಿಸಿಬಿಟ್ಟರೆ ಮುಗಿಯಿತು.

ಚಿಪ್‌ನಲ್ಲಿ ಗುಣಾಕಾರ ದುಬಾರಿ. ಅದಕ್ಕೆ ಜಾಗ ಬೇಕು, ವಿದ್ಯುತ್ ಬೇಕು. ಒಂದು ಚೌಕದ ಡಿಸಿಟಿಯನ್ನು ಸೂತ್ರದಲ್ಲಿ ಇದ್ದ ಹಾಗೇ ಮಾಡಿದರೆ 4,096 ಗುಣಾಕಾರ. ಮೊದಲು 8 ಅಡ್ಡಸಾಲು, ಆಮೇಲೆ 8 ಉದ್ದಸಾಲು ಎಂದು ಬಿಡಿಸಿಕೊಂಡರೆ 1,024ಕ್ಕೆ ಇಳಿಯುತ್ತದೆ. 1989ರಲ್ಲಿ ಲೋಫ್ಲರ್ ಮತ್ತು ಸಂಗಡಿಗರು ಒಂದು ಸಾಲಿಗೆ 11 ಗುಣಾಕಾರ ಸಾಕು ಎಂದು ತೋರಿಸಿದರು. ಅಲ್ಲಿಗೆ ಚೌಕಕ್ಕೆ 176. ಅದಕ್ಕೂ ಒಂದು ವರ್ಷ ಮೊದಲು ಜಪಾನಿನ ಅರಾಯ್ ಮತ್ತು ಸಂಗಡಿಗರು ಇನ್ನೊಂದು ಚಮತ್ಕಾರ ಮಾಡಿದ್ದರು. ಹೇಗೂ ಮುಂದೆ ಭಾಗಾಕಾರ ಇದೆಯಲ್ಲ, ಕೆಲವು ಗುಣಾಕಾರಗಳನ್ನು ಅದರೊಳಗೇ ಬೆರೆಸಿದರೆ ಸಾಲಿಗೆ 5 ಸಾಕು, ಚೌಕಕ್ಕೆ 80. ಒಂದು 12 ಮೆಗಾಪಿಕ್ಸೆಲ್ ಫೋಟೊದಲ್ಲಿ ಇಂಥ 1,87,500 ಚೌಕಗಳಿವೆ. ಬೆಳಕಿನ ಅಂಕಿಗಳಿಗೆ ಮಾತ್ರ ಲೆಕ್ಕ ಹಾಕಿದರೂ 76.8 ಕೋಟಿ ಗುಣಾಕಾರ 1.5 ಕೋಟಿಗೆ ಇಳಿದಂತಾಯಿತು. 2003ರಲ್ಲಿ ಬಂದ ಎಚ್.264 ವಿಡಿಯೊ ಮಾನಕ ಡಿಸಿಟಿಯನ್ನು ಹೋಲುವ ಪೂರ್ಣಾಂಕಗಳ ಲೆಕ್ಕವನ್ನು ತಂದಿತು. ಆ ಹಂತಕ್ಕೆ ಕೂಡುವುದು, ಕಳೆಯುವುದು, ಬಿಟ್‌ಗಳನ್ನು ಪಕ್ಕಕ್ಕೆ ಸರಿಸುವುದು ಇಷ್ಟೇ ಸಾಕು. ಕೈಯಲ್ಲಿ ಹಿಡಿದ ಫೋನು ಬಿಸಿಯಾಗದೆ, ಬ್ಯಾಟರಿ ಖಾಲಿಯಾಗದೆ ಗಂಟೆಗಟ್ಟಲೆ ವಿಡಿಯೊ ತೋರಿಸುವುದರ ಹಿಂದೆ ಇಂಥ ಜಿಪುಣತನ ಇದೆ. ಗಣಿತ ಬಲ್ಲವರೂ ಚಿಪ್ ಬಲ್ಲವರೂ ಕೂತು ಒಂದೊಂದು ಗುಣಾಕಾರಕ್ಕೂ ಚೌಕಾಶಿ ಮಾಡಿದ್ದಾರೆ.

ಇಷ್ಟೆಲ್ಲ ಸೊಗಸಾದ ಏರ್ಪಾಡಿನಲ್ಲಿ ಒಂದು ಷರತ್ತು ಅಡಗಿದೆ. ‘ಇಷ್ಟು ಸಾಕು’ ಎಂದು ಆ ಪಟ್ಟಿ ಹೇಳಿದ್ದು ಸಾಧಾರಣ ದೂರದಿಂದ ಸಂತೋಷಕ್ಕಾಗಿ ಚಿತ್ರ ನೋಡುವ ಕಣ್ಣಿನ ಪರವಾಗಿ. ಎಲ್ಲ ಕಣ್ಣೂ ಹಾಗಿರುವುದಿಲ್ಲ. ಎಕ್ಸ್‌ರೇಯಲ್ಲಿ ಕೂದಲೆಳೆಯ ಬಿರುಕು ಹುಡುಕುವ ವೈದ್ಯರಿಗೆ ಬೇಕಾದ್ದು ಆ ನವಿರಾದ ಏರಿಳಿತವೇ. ಅದಕ್ಕೆಂದೇ ಒಂದು ಚುಕ್ಕಿಯನ್ನೂ ಕಳೆದುಕೊಳ್ಳದೆ ಕುಗ್ಗಿಸುವ ವಿಧಾನಗಳಿವೆ. ಅವು ಗಾತ್ರವನ್ನು ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಸಿಯಾವೇ ಹೊರತು ಹತ್ತನೇ ಒಂದಕ್ಕಲ್ಲ. ಪಹಣಿಯ ಫೋಟೊ ಒಬ್ಬರಿಂದ ಒಬ್ಬರಿಗೆ ದಾಟುವಾಗ ಆ್ಯಪ್ ಪ್ರತಿ ಸಲವೂ ಅದನ್ನು ಕಿರಿದುಗೊಳಿಸಿ ಮತ್ತೆ ಭಾಗಿಸಿದರೆ, ಸರ್ವೆ ನಂಬರಿನ ಅಂಚು ಮಸುಕಾಗುತ್ತ ಹೋಗುತ್ತದೆ. ಹೂವಿನ ಚಿತ್ರಕ್ಕೆ ಅದರಿಂದ ಏನೂ ಆಗದು. ಜಮೀನಿನ ವ್ಯವಹಾರಕ್ಕೆ ಆದೀತು.

ಆದರೂ ಜೆಪೆಗ್‌ನಲ್ಲಿ ಒಂದು ಪ್ರಾಮಾಣಿಕತೆ ಇದೆ. ಅತಿಯಾಗಿ ಬಿಟ್ಟಾಗ ಚಿತ್ರ ಚೌಕಚೌಕವಾಗಿ ಒಡೆದು, ಅಕ್ಷರದ ಸುತ್ತ ಕಲೆಗಳೆದ್ದು, ಇಲ್ಲಿ ಏನೋ ಕಳೆದಿದೆ ಎಂದು ತಾನೇ ಸಾರುತ್ತದೆ. ಹಾಗೆ ಸಾರದ ಲೆಕ್ಕಗಳೂ ಇವೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಜೆರಾಕ್ಸ್ ಕಂಪನಿಯ ಯಂತ್ರವೊಂದರಲ್ಲಿ ಕಟ್ಟಡದ ನಕ್ಷೆ ಸ್ಕ್ಯಾನ್ ಆಗಿ ಬಂದುದನ್ನು ನೋಡಿದರು. ಬೇರೆಬೇರೆ ಅಳತೆಯ ಮೂರು ಕೋಣೆಗಳಿಗೂ ಅದು ಒಂದೇ ವಿಸ್ತೀರ್ಣ ಬರೆದಿತ್ತು. ಬೇರೆ ಕಾಗದಗಳಲ್ಲಿ 6 ಇದ್ದ ಕಡೆ 8 ಬಂದದ್ದೂ ಕಂಡಿತು. ಜೆಬಿಗ್-2 ಎಂಬ ಕುಗ್ಗಿಸುವ ವಿಧಾನ ಒಂದೇ ತರ ಕಾಣುವ ತುಣುಕುಗಳನ್ನು ಒಂದೇ ಎಂದು ಎಣಿಸಿ, ಒಂದರ ಪ್ರತಿಯನ್ನು ಇನ್ನೊಂದರ ಜಾಗದಲ್ಲಿ ಕೂರಿಸಿತ್ತು. ಅಕ್ಷರ ಮಸುಕಾಗಿರಲಿಲ್ಲ, ಕಲೆ ಇರಲಿಲ್ಲ. ಅಂಕಿ ಸ್ಪಷ್ಟವಾಗಿತ್ತು, ಮತ್ತು ತಪ್ಪಾಗಿತ್ತು. ಕಂಪನಿ ಬಳಿಕ ತಂತ್ರಾಂಶವನ್ನು ಸರಿಪಡಿಸಿತು. ಇಂದು ಮಸುಕಾದ ಮುಖವನ್ನು ‘ಚಂದಗಾಣಿಸಿ’ ಕೊಡುವ ಕೃತಕ ಬುದ್ಧಿಮತ್ತೆಯ ಉಪಕರಣಗಳು ಇದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಗಿವೆ. ಕ್ಯಾಮೆರಾ ಕಾಣದ ರೆಪ್ಪೆಗೂದಲನ್ನು ಅವು ಊಹಿಸಿ ಬರೆಯುತ್ತವೆ. ಮದುವೆಯ ಆಲ್ಬಮ್ಮಿಗೆ ಅದು ಅಲಂಕಾರ. ಕಳ್ಳನನ್ನು ಗುರುತಿಸಲು ಪೊಲೀಸರ ಕೈಗೆ ಬಂದರೆ ಅನ್ಯಾಯಕ್ಕೆ ದಾರಿ.

ಬಿಡುವುದು ತಪ್ಪಲ್ಲ. ಬಿಡದೆ ಯಾವ ಸುದ್ದಿಯನ್ನೂ ಹೇಳಲಾಗದು, ಯಾವ ವರದಿಯನ್ನೂ ಬರೆಯಲಾಗದು, ಮಕ್ಕಳಿಗೆ ಯಾವ ಪಾಠವನ್ನೂ ಕಲಿಸಲಾಗದು. ಸಭೆಯ ನಡಾವಳಿ ಬರೆಯುವ ಗುಮಾಸ್ತ, ರೋಗಿಯ ಮಾತನ್ನು ಎರಡು ಸಾಲಿಗಿಳಿಸುವ ವೈದ್ಯ, ಊರಿನ ಕಷ್ಟವನ್ನು ಒಂದು ಪುಟದ ಮನವಿ ಮಾಡುವ ಪಂಚಾಯಿತಿ ಸದಸ್ಯ, ಎಲ್ಲರೂ ಮಾಡುವುದು ಕುಗ್ಗಿಸುವ ಕೆಲಸವನ್ನೇ. ಬಿಟ್ಟ ಜಾಗವನ್ನು ಬಿಟ್ಟಂತೆಯೇ ತೋರಿಸಿದರೆ ಓದುವವನು ಮೂಲವನ್ನು ಕೇಳಬಹುದು. ಊಹೆಯಿಂದ ತುಂಬಿ ನುಣುಪು ಮಾಡಿಬಿಟ್ಟರೆ ಕೇಳಬೇಕೆಂಬುದೇ ಅವನಿಗೆ ಹೊಳೆಯದು.

ಆದ್ದರಿಂದ ಮನೆಪತ್ರ, ಸ್ಕ್ಯಾನ್, ಅಂಕಪಟ್ಟಿಗಳನ್ನು ಕಳಿಸುವಾಗ ಫೋಟೊ ಎಂದು ಕಳಿಸದೆ ಕಡತವಾಗಿ ಕಳಿಸಿ, ಮೂಲವನ್ನು ಜೋಪಾನವಾಗಿಡಿ. ಮಾತನ್ನಾಗಲಿ ಚಿತ್ರವನ್ನಾಗಲಿ ಮೊಟಕು ಮಾಡುವ ಮುನ್ನ ‘ಎಷ್ಟು ಸಾಕು’ ಎಂದು ಕೇಳಿಕೊಳ್ಳುವುದು ಜಾಣತನ. ‘ಯಾರಿಗೆ ಸಾಕು’ ಎಂದೂ ಕೇಳಿಕೊಳ್ಳುವುದು ನ್ಯಾಯ.